ಜನವರಿ ಮೂವತ್ತರ ಕಾಗದ

ಪುಣೆ, ಸದಾಶಿವ ಪೇಠ
೩೦ ಜನವರಿ ೧೯೪೦

ಚಿ. ಸೌ. ನರ್ಮದೆಗೆ ಅನೇಕ ಆಶೀರ್ವಾದ.

ನೀನು ಧಾರವಾಡದ ಗಾಡಿ ಹತ್ತಿದ ಮೇಲೆ ನಾನು ಬರೆಯುವ ಮೂರನೆಯ ಕಾಗದ ಇದು. ನಿನ್ನದು ಒಂದೇ ಬಂದಿದೆ. ಹೆರಿಗೆಗೆ ತವರಿಗೆ ಹೋದವರಿಗೆ ಗಂಡನ ನೆನಪು ತಡವಾಗಿಯೇ ಬರುವುದೆಂದು ಮಾಳಿಗೆಯ ಕೃಷ್ಣಾಬಾಯಿ ಹೇಳುತ್ತಾರೆ. ನಿನ್ನ ಕಾಲಿನ ಬಾವು ಇಳಿಯಿತೇ?

ನಿನ್ನೆ ಆಸ್ಪತ್ರೆಯಲ್ಲಿ ಒಂದು ತಮಾಷೆ ನಡೆಯಿತು. ಕ್ಯಾಂಪಿನಲ್ಲಿ ಹೋಟೆಲು ಇಟ್ಟಿರುವ ಮಂಗಳೂರು ಕಡೆಯ ಸಂಕಪ್ಪ ಶೆಟ್ಟರ ಹೆಸರನ್ನು ನೀನು ಕೇಳಿರಬೇಕು. ಅವರ ತಂಗಿ ಪಂಕಜಾಕ್ಷಿ ಎಂಬವರು ಕೊಂಢವಾದಲ್ಲಿ ಮುನ್ನೂರು ಕೋಳಿ ಸಾಕಿದ್ದಾರೆ. ಯುದ್ಧ ಶುರುವಾದಾಗಿನಿಂದ ಸೋಜರರ ಮೆಸ್ಸಿಗೆ ಮೊಟ್ಟೆ, ಕೋಳಿ ಎಲ್ಲ ಅಲ್ಲಿಂದಲೇ. ಮೂರು ದಿನದಲ್ಲಿ ಹದಿನಾಲ್ಕು ಸತ್ತವೆಂದು ಒಂದನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಹಿಂದಿನ ದಿನ ಸತ್ತ ಹೇಂಟೆ, ವಾಸನೆ ಕೇಳಬೇಡ. ನಾನು ಮೂಗಿಗೆ ಧೋತರದ ಸೆರಗು ಹಿಡಿದು ಮೂರು ಮಾರು ದೂರ ನಿಂತದ್ದನ್ನು ನೋಡಿ ಪಂಕಜಾಕ್ಷಿ ನಕ್ಕುಬಿಟ್ಟರು.

ದನದ ಡಾಕ್ಟರಿಗೆ ಮಗಳನ್ನು ಕೊಡುವಾಗ ಮಾವನವರು ಹಾಕಿದ ಕರಾರನ್ನು ನಾನು ಮರೆತಿಲ್ಲ. ಕುದುರೆ, ಆಕಳು, ಎಮ್ಮೆ ಏನನ್ನಾದರೂ ಮುಟ್ಟಲಿ, ಕೋಳಿಯ ಮೇಲೆ ಮಾತ್ರ ಚಾಕು ಇಡಬಾರದು. ಆದ್ದರಿಂದ ಎಂದಿನ ಹಾಗೆ ಜವಾನನ ಕೈಯಿಂದ ಎದೆಗೆ ಚುಚ್ಚಿಸಿ, ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಎರಡು ತುದಿಗೂ ಬಣ್ಣ ಹಿಡಿದ ಸಣ್ಣ ಕ್ರಿಮಿಗಳು ಕಂಡವು. ಕೋಳಿ ಕಾಲರಾ, ಸಂಶಯವಿಲ್ಲ. ಕುಡಿಯುವ ನೀರಿಗೆ ಹಾಕಲು ಕೆಂಪು ಪುಡಿ ಕೊಟ್ಟೆ.

ಪಂಕಜಾಕ್ಷಿ ಹೋಗುವ ಮುಂಚೆ ಕೇಳಿದರು, “ಒಳಗೆ ಬಿಡಿಸಿ ನೋಡುವುದಿಲ್ಲವಾ ಡಾಕ್ಟ್ರೇ?” ಅದರ ಜರೂರಿ ಇಲ್ಲ ಎಂದೆ. ಮೆಸ್ಸಿಗೆ ಇಪ್ಪತ್ತು ಕೋಳಿ ಕಳಿಸುವುದು ಬಾಕಿ ಇದೆ, ಕಳಿಸಲೋ ನಿಲ್ಲಿಸಲೋ ಎಂದು ಎರಡೆರಡು ಸಲ ವಿಚಾರಿಸಿದರು. ಗೆಲುವಾಗಿ ಇರುವವನ್ನು ಆರಿಸಿ ಕಳಿಸಬಹುದೆಂದು ಹೇಳಿದೆ. ಮೈಮೇಲೆ ಬರುವ ಹುಂಜವನ್ನು ಪಂಕಜಾಕ್ಷಿ ಎರಡು ಬೆರಳಿನಲ್ಲಿ ಹಿಡಿದು ಸುಮ್ಮನಾಗಿಸುತ್ತಾರಂತೆ. ಅಂಥ ಕೈ ನಮ್ಮ ಆಸ್ಪತ್ರೆಯಲ್ಲಿ ಒಬ್ಬರಿಗೂ ಇಲ್ಲ.

ಮೇಲಧಿಕಾರಿ ದಿಗಂಬರರಾಯರು ಶಿವಾಜಿನಗರದ ಆಫೀಸಿನಲ್ಲಿ ಊಟವಾದ ಮೇಲೆ ಗೊರಕೆ ಹೊಡೆದರೆ ಟಾಂಗಾದ ಕುದುರೆ ಬೆದರುತ್ತದೆ. ಅವರು ಹುಟ್ಟಿ ಬೆಳೆದ ಬೆಳಗಾವಿಯ ನೀರೇ ಹಾಗೆ ಇರಬೇಕು.

ನೀನಿಲ್ಲದ ಮನೆಯಲ್ಲಿ ಒಲೆ ಹೊತ್ತಿಸಲೂ ಮನಸ್ಸಿಲ್ಲ. ನಿನ್ನ ದಿಂಬು ನನ್ನ ತಲೆಯ ಕೆಳಗಿದೆ.

ನಿನ್ನ,
ಪ್ರಲ್ಹಾದ


ಧಾರವಾಡ
೪ ಫೆಬ್ರುವರಿ ೧೯೪೦

ತಮ್ಮ ಚರಣಗಳಿಗೆ ನರ್ಮದೆಯ ಸಾಷ್ಟಾಂಗ ನಮಸ್ಕಾರ.

ಕಾಗದ ಮುಟ್ಟಿತು. ಅದರಲ್ಲಿ ನಾನು ಎಲ್ಲಿದ್ದೇನೆಂದು ಹುಡುಕಿದೆ. ಮೇಲೆ ಸ್ವಲ್ಪ, ಕೆಳಗೆ ಸ್ವಲ್ಪ. ನಡುವೆ ಎಲ್ಲ ಕೋಳಿ ಮತ್ತು ಕೋಳಿಯಾಕೆ. ಆ ಹೆಸರು ನಾಲ್ಕು ಸಲ ಬಂದಿದೆ, ನನ್ನದು ಒಂದೇ ಸಲ. ಇಲ್ಲಿ ನನಗೆ ಎಣಿಸುವುದನ್ನು ಬಿಟ್ಟು ಬೇರೆ ಕೆಲಸವಿಲ್ಲ.

ಹುಂಜ ಹಿಡಿಯುವ ಕೈಯನ್ನು ತಾವು ಕಂಡದ್ದೋ, ಕೇಳಿದ್ದೋ? “ಹಿಡಿಯುತ್ತಾರಂತೆ” ಎಂದು ಬರೆದು ಮರುಸಾಲಿನಲ್ಲೇ “ಅಂಥ ಕೈ ಒಬ್ಬರಿಗೂ ಇಲ್ಲ” ಎಂದು ತೀರ್ಪು ಕೊಟ್ಟಿದ್ದೀರಿ. ವಕೀಲರ ಮಗಳು ನಾನು, ಸಾಕ್ಷಿ ಕೇಳುತ್ತೇನೆ. ವಯಸ್ಸೆಷ್ಟು? ಗಂಡನ ಮನೆ ಎಲ್ಲಿ? ಮೂರು ಮಾರು ದೂರ ನಿಂತವರಿಗೆ ನಕ್ಕದ್ದು ಅಷ್ಟು ಚಂದವಾಗಿ ಹೇಗೆ ಕಾಣಿಸಿತು?

ಸಿಟ್ಟಿನಿಂದ ಬರೆಯುತ್ತಿಲ್ಲ. ಮೊನ್ನೆ ಕುಬಸ ಆಯಿತು. ಹಸಿರು ಸೀರೆ ಉಡಿಸಿ ಐದು ಜನ ಮುತ್ತೈದೆಯರು ಆರತಿ ಮಾಡಿದರು. ಕಾಲಿನ ಬಾವು ಇಳಿದಿದೆ. ತಾವು ಕರಾರು ಪಾಲಿಸಿದ್ದನ್ನು ಓದಿ ಹೇಳಿದೆ, ಅಪ್ಪನಿಗೆ ಭಾಳ ಸಮಾಧಾನವಾಯಿತು. ದಿಂಬನ್ನು ಬಿಸಿಲಿಗೆ ಹಾಕಿರಿ.

ಇಂತು,
ನರ್ಮದಾ


ಪುಣೆ
೧೨ ಫೆಬ್ರುವರಿ ೧೯೪೦

ಚಿ. ಸೌ. ನರ್ಮದೆಗೆ ಆಶೀರ್ವಾದ.

ನಿನ್ನ ಪ್ರಶ್ನೆಗಳಿಗೆ ಮೊದಲು ಉತ್ತರ. ವಯಸ್ಸು ಮೂವತ್ತರ ಹತ್ತಿರ. ಗಂಡನನ್ನು ಬಿಟ್ಟು ಅಣ್ಣನ ಮನೆಗೆ ಬಂದಿದ್ದಾರೆ, ಅವರಲ್ಲಿ ಅದು ನಡೆಯುತ್ತದೆ. ಉಳಿದದ್ದನ್ನು ಓದಿದ ಮೇಲೆ ನಿನಗೆ ನಗು ಬರುವುದಿಲ್ಲ. ನನಗಂತೂ ಬರುತ್ತಿಲ್ಲ.

ನಾನು ಕೊಟ್ಟ ಕೆಂಪು ಪುಡಿಯಿಂದ ಏನೂ ಆಗಲಿಲ್ಲ. ಎಂಬತ್ತು ಸತ್ತವು. ಕಳಿಸಬಹುದೆಂದು ನಾನು ಹೇಳಿದ್ದ ಇಪ್ಪತ್ತು ಕೋಳಿ ಮೆಸ್ಸಿನ ಹಿತ್ತಲಿಗೆ ಹೋಗಿದ್ದವು, ಅಲ್ಲಿಯೂ ರೋಗ ಎದ್ದಿತು. ಮೊನ್ನೆ ಶುಕ್ರವಾರ ಸೈಕಲ್ ಹತ್ತಿ ಕೊಂಢವಾಕ್ಕೆ ಹೋದೆ. ಒಂದೊಂದು ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು, ಒಂದರ ಕುತ್ತಿಗೆ ತಿರುಚಿ ಬೆನ್ನಿನ ಮೇಲೆ ಬಿದ್ದಿತ್ತು. ನೆಲವೆಲ್ಲ ಹಸಿರು ಹಿಕ್ಕೆ.

ಪಂಕಜಾಕ್ಷಿ ಆಗತಾನೆ ಸತ್ತ ಒಂದನ್ನು ಹಲಗೆಯ ಮೇಲೆ ಇಟ್ಟು ಬಿಡಿಸಿದರು. ಕಲ್ಲುಹೊಟ್ಟೆಗೆ ಮುಂಚೆ ಒಂದು ಸಣ್ಣ ಹೊಟ್ಟೆ ಇರುತ್ತದೆ, ಅದನ್ನು ಸೀಳಿ ತೊಳೆದು ಬೆಳಕಿಗೆ ಹಿಡಿದರು. “ಹತ್ತು ವರ್ಷದಿಂದ ಹೋಟೆಲಿಗೆ ದಿನಾ ಕೋಳಿ ತೊಳೀತೇನೆ. ಇಲ್ಲಿ ಬಿಳಿ ಇರಬೇಕು. ಈಗ ನೋಡಿ, ಕುಂಕುಮ ಸಿಡಿದ ಹಾಗೆ ಉಂಟು. ಸತ್ತದ್ದರಲ್ಲೆಲ್ಲ ಹೀಗೆಯೇ.”

ನಾನು ಆ ಚುಕ್ಕೆಗಳನ್ನು ಕಾಲೇಜಿನಲ್ಲಿ ಚಿತ್ರದಲ್ಲಿ ನೋಡಿದ್ದೆ. ಇದು ಕಾಲರಾ ಅಲ್ಲ, ಹಿಂಡುಹಿಂಡಾಗಿ ಕೋಳಿ ಸಾಯಿಸುವ ರಾಣಿಖೇತ ರೋಗ. ಸ್ಲೈಡಿನಲ್ಲಿ ನಾನು ಕಂಡದ್ದು ಒಂದು ದಿನ ಕೊಳೆತ ಹೆಣದಲ್ಲಿ ಹುಟ್ಟಿದ ಕ್ರಿಮಿಗಳಿರಬೇಕು. ಆವತ್ತೇ ಬಿಡಿಸಿ ನೋಡಿದ್ದರೆ ತಿಳಿಯುತ್ತಿತ್ತು. ಆಕೆ ಓದಿದ್ದು ನಾಲ್ಕನೆಯ ಇಯತ್ತೆ. ನನ್ನ ಸರ್ಟಿಫಿಕೇಟು ಗೋಡೆಯ ಮೇಲಿದೆ. ನಿಜ ಹೇಳುತ್ತೇನೆ, ಆ ಹೊತ್ತಿಗೆ ನನ್ನ ಹೊಟ್ಟೆಯಲ್ಲಿ ಯಾರೋ ಖಾರ ಅರೆದ ಹಾಗಾಯಿತು.

ಆಮೇಲೆ ಚಾಕು ಇಸಕೊಂಡು ನಾಲ್ಕು ಕೋಳಿಯನ್ನು ನಾನೇ ಬಿಡಿಸಿದೆ. ಮಾವನವರಿಗೆ ಇದನ್ನು ಓದಿ ಹೇಳಬೇಡ.

ಚುಕ್ಕೆ ನೋಡಿ ಹೇಳಿದರೆ ದಿಗಂಬರರಾಯರು ಒಪ್ಪುವವರಲ್ಲ. ಪರೀಕ್ಷೆ ಹೂಡಿದ್ದೇನೆ. ಸತ್ತ ಕೋಳಿಯ ಗುಲ್ಮ ಅರೆದು, ಆ ನೀರನ್ನು ಮಣ್ಣಿನ ಸೋಸುಬತ್ತಿಯಲ್ಲಿ ಸೋಸಿ, ಇಂದಾಪುರದಿಂದ ತರಿಸಿದ ಎರಡು ಒಳ್ಳೆಯ ಕೋಳಿಗಳಿಗೆ ಚುಚ್ಚಿದೆ. ಕಾಲರಾದ ಕ್ರಿಮಿ ಸೋಸುಬತ್ತಿಯಲ್ಲಿ ನಿಂತುಬಿಡುತ್ತದೆ. ರಾಣಿಖೇತದ ವಿಷ ಎಷ್ಟು ಸೂಕ್ಷ್ಮವೆಂದರೆ ಅದರಲ್ಲೂ ದಾಟುತ್ತದೆ. ಸೋಸದ ರಕ್ತವನ್ನು ಒಂದು ಮೊಲಕ್ಕೆ ಚುಚ್ಚಿದೆ. ಕಾಲರಾ ಆಗಿದ್ದರೆ ಮೊಲ ಎರಡು ದಿನದಲ್ಲಿ ಸಾಯುತ್ತದೆ, ರಾಣಿಖೇತವಾದರೆ ಅದಕ್ಕೇನೂ ಆಗದು. ಇಂದಿಗೆ ಎರಡು ದಿನ. ಮೊಲ ಕೋಸಿನ ಎಲೆ ಮೆಲ್ಲುತ್ತಿದೆ.

ಮೊಲವನ್ನು ಸುರಕ್ಷಿತ ಜಾಗದಲ್ಲಿ ಇಟ್ಟಿದ್ದೇನೆ. ಆರೋಗ್ಯ ನೋಡಿಕೊ.

ಪ್ರಲ್ಹಾದ


ಧಾರವಾಡ
೧೮ ಫೆಬ್ರುವರಿ ೧೯೪೦

ನಮಸ್ಕಾರ.

ಕೃಷ್ಣಾಬಾಯಿಯವರ ಕಾರ್ಡು ಬಂದಿದೆ. ನನ್ನ ಆರೋಗ್ಯ ವಿಚಾರಿಸಿ ಕೊನೆಗೆ ಒಂದು ಸಾಲು ಸೇರಿಸಿದ್ದಾರೆ. ದಿನಾ ಬೆಳಿಗ್ಗೆ ಏಳಕ್ಕೆ ಒಬ್ಬ ಹೆಂಗಸು ಬರುತ್ತಾಳೆ, ನಡುಮನೆಯಲ್ಲಿ ಕೂರುತ್ತಾಳೆ, ಅರ್ಧ ತಾಸು ಮಾತು, ಹಿತ್ತಾಳೆ ಲೋಟದಲ್ಲಿ ಚಹಾ. ಆ ಲೋಟ ನನ್ನ ಮದುವೆಯಲ್ಲಿ ಸೋದರಮಾವ ಕೊಟ್ಟದ್ದು.

ತಾವು ಎರಡು ಹಾಳೆ ತುಂಬ ಕೋಳಿಯ ಹೊಟ್ಟೆಯೊಳಗಿನದೆಲ್ಲ ಬರೆದಿರಿ. ಮನೆಯೊಳಗಿನ ಈ ಸುದ್ದಿಗೆ ಜಾಗ ಸಾಲಲಿಲ್ಲವೇ? ನನ್ನ ಅಪ್ಪನಿಗೆ ಕೊಟ್ಟ ಮಾತನ್ನು ನಾಲ್ಕು ವರ್ಷ ಪಾಲಿಸಿದವರು ಆಕೆಯ ಎದುರಿಗೆ ನಾಲ್ಕು ನಿಮಿಷದಲ್ಲಿ ಮುರಿದಿರಿ. ಕುಂಕುಮ ಎಲ್ಲಿ ಕಂಡರೂ ಆಕೆ ಹೇಳಿದ ಮೇಲೆಯೇ ತಮಗೆ ಕೆಂಪಾಗಿ ಕಾಣುತ್ತದೆ.

ನಾನು ಇಲ್ಲಿ ಕುಂಬಳಕಾಯಿಯಂತೆ ಊದಿಕೊಂಡು ಕುಳಿತಿದ್ದೇನೆ. ಕನ್ನಡಿ ನೋಡುವುದನ್ನು ಬಿಟ್ಟಿದ್ದೇನೆ. ಆಕೆ ತೆಳ್ಳಗಿದ್ದಾಳೆಂದು ಕೃಷ್ಣಾಬಾಯಿ ಬರೆದಿಲ್ಲ, ಆದರೂ ನನಗೆ ಗೊತ್ತು. ಹೊಟ್ಟೆಕಿಚ್ಚು ಎನ್ನುತ್ತೀರಾದರೆ ಅನ್ನಿರಿ. ಹೌದು, ಹೊಟ್ಟೆಕಿಚ್ಚೇ. ಊಟ ಇಳಿಯುತ್ತಿಲ್ಲ.

ಒಂದೇ ಮಾತು. ಇನ್ನು ಮುಂದೆ ಆ ಹೆಸರು ತಮ್ಮ ಲೇಖನಿಯಿಂದ ಬರಬಾರದು. ಯಾವ ಕಾಗದದಲ್ಲಿಯೂ ಬರಬಾರದು. ನನ್ನ ಹೊಟ್ಟೆಯಲ್ಲಿರುವ ಕೂಸಿನ ಆಣೆ.

ನರ್ಮದಾ


ಪುಣೆ
೨೪ ಫೆಬ್ರುವರಿ ೧೯೪೦

ಚಿ. ಸೌ. ನರ್ಮದೆಗೆ ಆಶೀರ್ವಾದ.

ಮೊಲ ಇದ್ದದ್ದು ನಮ್ಮ ನಡುಮನೆಯಲ್ಲಿ. ಆಸ್ಪತ್ರೆಯಲ್ಲಿ ಬಿಟ್ಟಿದ್ದರೆ ಯಾರದಾದರೂ ಸಾರಿಗೆ ಹೋಗುತ್ತಿತ್ತು. ಚುಚ್ಚಿದ ಕೋಳಿಗಳು ಕೊಂಢವಾದಾಚೆ ಒಂದು ಪಾಳು ಕೊಟ್ಟಿಗೆಯಲ್ಲಿದ್ದವು. ಅವುಗಳ ಸುದ್ದಿ ತರಲು, ಮೊಲವನ್ನು ಕಣ್ಣಾರೆ ನೋಡಲು ಅವರು ಬರುತ್ತಿದ್ದರು. ಬಂದವರಿಗೆ ಚಹಾ ಕೊಡುವುದು ರೀತಿ. ಬರೆಯದೆ ಇದ್ದದ್ದು ನೀನು ಹೀಗೆ ತಿಳಿಯುವಿ ಎಂದೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಆಗಬಾರದೆಂದು ಇಲ್ಲಿಗೆ ಬಿಡುತ್ತೇನೆ. ಪರೀಕ್ಷೆ ಮುಗಿಯಿತು, ಈಗ ಯಾರೂ ಬರುವುದಿಲ್ಲ.

ಕೋಳಿಗಳು ಐದನೆಯ, ಆರನೆಯ ದಿನ ಸತ್ತವು. ಬಿಡಿಸಿದಾಗ ಅದೇ ಚುಕ್ಕೆಗಳು. ಮೊಲ ಮೊದಲಿಗಿಂತ ದಪ್ಪವಾಗಿದೆ. ರಾಣಿಖೇತವೆಂದು ಸಿದ್ಧವಾಯಿತು.

ರಿಪೋರ್ಟು ಒಪ್ಪಿಸಿದೆ. “ಕೆಳಗೆ ಸಹಿ ಮಾಡಿದವನು ಫೆಬ್ರುವರಿ ಒಂಬತ್ತರಂದು ಕೊಂಢವಾಕ್ಕೆ ಸ್ವತಃ ಹೋಗಿ ರೋಗವನ್ನು ಮೊದಲು ಗುರುತಿಸಿದನು” ಎಂದು ಶುರುವಾಗುತ್ತದೆ. ಹದಿಮೂರು ಪುಟ. ಅದರಲ್ಲಿ ಆ ಹೆಸರು ಒಂದು ಕಡೆಯೂ ಇಲ್ಲ. ಯಾವ ಕಾಗದದಲ್ಲಿಯೂ ಬರಬಾರದೆಂದು ನೀನು ಬರೆದಿದ್ದೆ, ನಿನ್ನ ಆಣೆ ಉಳಿಸಿದ್ದೇನೆ.

ದಿಗಂಬರರಾಯರು ನಿದ್ದೆ ಬಿಟ್ಟು ಪೂರ್ತಿ ಓದಿ ಬೆನ್ನು ತಟ್ಟಿದರು. ಹಿಮಾಲಯದ ಕಡೆಯ ಕುಮಾಊ ಬೆಟ್ಟದ ಮೇಲಿನ ದೊಡ್ಡ ಪ್ರಯೋಗಶಾಲೆಗೆ ಆರು ತಿಂಗಳ ಟ್ರೇನಿಂಗಿಗೆ ನನ್ನ ಹೆಸರು ಕಳಿಸುತ್ತಾರಂತೆ. ಆಮೇಲೆ ಬಡ್ತಿ. ಈಗಲಾದರೂ ನಗು.

ನಿನ್ನ,
ಪ್ರಲ್ಹಾದ


ಧಾರವಾಡ
೧ ಮಾರ್ಚ್ ೧೯೪೦

ತಮ್ಮ ಚರಣಗಳಿಗೆ ನರ್ಮದೆಯ ಸಾಷ್ಟಾಂಗ ನಮಸ್ಕಾರ.

ನಕ್ಕೆ. ಎರಡು ಸಲ ಓದಿ ನಕ್ಕೆ. ಹದಿಮೂರು ಪುಟದಲ್ಲಿ ಒಂದು ಕಡೆಯೂ ಇಲ್ಲ ಎಂಬ ಸಾಲನ್ನು ಮೂರು ಸಲ ಓದಿದೆ. ನಾನು ಕೆಟ್ಟವಳಿರಬಹುದು, ಆದರೆ ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು.

ಅಪ್ಪ ಓಣಿಗೆಲ್ಲ ಪೇಢೆ ಹಂಚಿದರು. ಚಾಕುವಿನ ವಿಷಯ ಕೊನೆಗೆ ನಾನೇ ಹೇಳಿಬಿಟ್ಟೆ. “ಇರಲಿ ಬಿಡು, ಸ್ನಾನ ಮಾಡಿರ್ತಾರ” ಎಂದರು. ಬಡ್ತಿ ಎಂದರೆ ಕರಾರು ಕೂಡ ಮೆತ್ತಗಾಗುತ್ತದೆ.

ಹಿತ್ತಾಳೆ ಲೋಟವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿರಿ. ಮೊಲವನ್ನು ಯಾರಿಗೂ ಕೊಡಬೇಡಿರಿ, ಅದು ನನ್ನ ಕಡೆಯ ಸಾಕ್ಷಿ.

ತಮ್ಮ,
ನರ್ಮದಾ


ಪುಣೆ
೨ ಏಪ್ರಿಲ್ ೧೯೪೦

ಚಿ. ಸೌ. ನರ್ಮದೆಗೂ ನಮ್ಮ ಪುಟ್ಟ ಮಗಳಿಗೂ ಆಶೀರ್ವಾದ.

ತಂತಿ ಬಂದ ದಿನ ಕೃಷ್ಣಾಬಾಯಿಗೆ ಸಕ್ಕರೆ ಕೊಟ್ಟೆ. ಬಾಣಂತಿ ಬರೆಯಲಾರಳು ಎಂದು ಇಷ್ಟು ದಿನ ನಾನೂ ಬರೆಯಲಿಲ್ಲ. ಕಾಗದ ಹಿಡಿದರೆ ಏನು ಬರೆಯಬೇಕೋ ತಿಳಿಯುತ್ತಿರಲಿಲ್ಲ. ಬೆಟ್ಟಕ್ಕೆ ಹೊರಡುವುದು ಜೂನಿನಲ್ಲಿ. ಉಣ್ಣೆಯ ಕೋಟು ಹೊಲಿಯಲು ಹಾಕಿದ್ದೇನೆ.

ಇನ್ನೊಂದು ವಿಷಯ. ನಿನಗೆ ಬೇರೆ ಕಡೆಯಿಂದ ತಿಳಿಯುವುದಕ್ಕಿಂತ ನಾನೇ ಹೇಳುವುದು ಮೇಲು. ಮೆಸ್ಸಿನ ಸಾಹೇಬರು ನನ್ನ ರಿಪೋರ್ಟು ತರಿಸಿ ಓದಿದರಂತೆ. ಕೊಂಢವಾದಲ್ಲಿ ಜನವರಿಯಲ್ಲೇ ಕೋಳಿ ಸಾಯುತ್ತಿದ್ದವು, ಡಾಕ್ಟರು ಹೋಗಿ ಕಂಡದ್ದು ಫೆಬ್ರುವರಿ ಒಂಬತ್ತಕ್ಕೆ. ಕೋಳಿ ಸಾಕಿದವರು ಸುಮಾರು ಎರಡು ವಾರ ರೋಗ ಮುಚ್ಚಿಟ್ಟು ಕೆಟ್ಟ ಕೋಳಿ ಕಳಿಸಿದರು ಎಂದು ಲೆಕ್ಕ ಹಾಕಿ ಅವರ ಗುತ್ತಿಗೆ ಕಿತ್ತುಹಾಕಿದ್ದಾರೆ. ಪೊಲೀಸರಿಗೂ ಕೊಡುತ್ತಾರೆ ಎಂಬ ಮಾತಿದೆ. ಕ್ಯಾಂಪಿನವರು ಸಂಕಪ್ಪ ಶೆಟ್ಟರ ಹೋಟೆಲಿಗೂ ಹೋಗುತ್ತಿಲ್ಲ. ತಂಗಿ ಉಳಿದ ಕೋಳಿ ಮಾರಿ ಇದೇ ತಿಂಗಳ ಕೊನೆಗೆ ಊರಿಗೆ ಹೊರಡುತ್ತಾರಂತೆ.

ಅವರು ಮೊನ್ನೆ ಬಂದಿದ್ದರು. ಹೊಸ್ತಿಲು ದಾಟಲಿಲ್ಲ. ಜಗಳವನ್ನೂ ಆಡಲಿಲ್ಲ. “ನನ್ನ ಹೆಸರು ಬೇಡ ಡಾಕ್ಟ್ರೇ. ತಾರೀಕು ಮಾತ್ರ ಸರಿ ಮಾಡಿ” ಎಂದರು. ರಿಪೋರ್ಟು ಮುಂಬಯಿಗೆ ಹೋಗಿಬಿಟ್ಟಿದೆ, ನನ್ನ ಕೈಯಲ್ಲಿಲ್ಲ ಎಂದೆ. ಮೊಲವನ್ನು ಒಮ್ಮೆ ನೋಡಿ ಹೊರಟುಹೋದರು.

ಏನು ಮಾಡಲಿ? ಈಗ ತಿದ್ದಿದರೆ ಕಾಲರಾ ಎಂದದ್ದೂ, ಕಳಿಸಿರಿ ಎಂದದ್ದೂ ಹೊರಬೀಳುತ್ತದೆ, ಬೆಟ್ಟವೂ ಹೋಗುತ್ತದೆ. ಆಸ್ಪತ್ರೆಯ ಪುಸ್ತಕದಲ್ಲಿ ಆವತ್ತಿನದನ್ನು ನಾನು ಬರೆದೇ ಇರಲಿಲ್ಲ, ಕೋಳಿಯದನ್ನು ಯಾರು ಬರೆಯುತ್ತಾರೆ. ಹಾವೂ ಸಾಯದೆ ಕೋಲೂ ಮುರಿಯದೆ ದಾರಿ ಹುಡುಕಿದೆ, ಸಿಗಲಿಲ್ಲ. ಅಲ್ಲದೆ ನಿನ್ನ ಆಣೆಯೂ ಇತ್ತಲ್ಲ.

ಮಗುವಿಗೆ ಯಾರ ಹೋಲಿಕೆ?

ಪ್ರಲ್ಹಾದ


ಧಾರವಾಡ
೯ ಏಪ್ರಿಲ್ ೧೯೪೦

ಶ್ರೀ ಪ್ರಲ್ಹಾದರಾಯರಿಗೆ.

ಹೆಸರು ಹಿಡಿದು ಬರೆದದ್ದಕ್ಕೆ ಬೇಸರ ಬೇಡ. ಇಂದು ಹೆಸರುಗಳದೇ ವಿಚಾರ.

ನಿಮ್ಮ ಕಾಗದ ಓದಿ ನನಗೆ ಮೊದಲು ಬಂದದ್ದು ಸಂತೋಷ. ಆಕೆ ಊರು ಬಿಡುತ್ತಾಳೆ ಎಂಬ ಸಂತೋಷ. ಬಾಣಂತಿ ಸುಳ್ಳು ಹೇಳಬಾರದು, ಅದಕ್ಕೆ ಬರೆದಿದ್ದೇನೆ. ಆಮೇಲೆ “ನಿನ್ನ ಆಣೆಯೂ ಇತ್ತಲ್ಲ” ಎಂಬಲ್ಲಿಗೆ ಬಂದೆ. ಮಗಳು ಮಗ್ಗುಲಲ್ಲಿ ಮಲಗಿದ್ದಳು. ಇವಳ ಮೇಲಿನ ಆಣೆ ಅದು. ಎರಡೂವರೆ ವಾರದ ಕೂಸನ್ನು ನೀವು ನಿಮ್ಮ ತಪ್ಪಿಗೆ ಮರೆ ಮಾಡಿಕೊಂಡಿರಿ. ಹಾಗೆ ಮಾಡಲು ಕೂಸನ್ನು ನಿಮ್ಮ ಕೈಗೆ ಕೊಟ್ಟವಳು ನಾನೇ.

ಆದರೆ ನಾನು ಬೇಡವೆಂದದ್ದು ಹೆಸರು. ತಾರೀಕಲ್ಲ. ತಾರೀಕು ನೀವೇ ನುಂಗಿದ್ದು. ಒಬ್ಬ ಹೆಂಗಸು ನಿಮಗಿಂತ ಮೊದಲು ಕಂಡಳೆಂದು ಹೊಟ್ಟೆಯಲ್ಲಿ ಖಾರ ಅರೆದ ಹಾಗಾಯಿತೆಂದು ಬರೆದಿದ್ದಿರಿ. ನಾನು ಅದನ್ನು ಓದಿದರೂ ಓದಲಿಲ್ಲ, ನನ್ನ ಖಾರವೇ ನನಗೆ ಸಾಕಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ನಮ್ಮಿಬ್ಬರ ಉರಿಗೆ ಆಕೆಯ ಮೈ ಸುಟ್ಟಿತು.

ನಿಮ್ಮ ಕಾಗದಗಳನ್ನೆಲ್ಲ ಪೆಟ್ಟಿಗೆಯಿಂದ ತೆಗೆದು ತಾರೀಕಿನ ಪ್ರಕಾರ ಜೋಡಿಸಿದೆ. ಜನವರಿ ಮೂವತ್ತರದು ಮಡಿಕೆಯಲ್ಲಿ ಹರಿಯುವಷ್ಟು ಸವೆದಿದೆ, ಸಿಟ್ಟಿನಲ್ಲಿ ಅದನ್ನೇ ಎಷ್ಟು ಸಲ ಓದಿದ್ದೇನೋ. “ನಿನ್ನೆ ಆಸ್ಪತ್ರೆಯಲ್ಲಿ” ಎಂದಿದೆ. ಕಾಲರಾ ಎಂದದ್ದಿದೆ. ಕಳಿಸಲೋ ನಿಲ್ಲಿಸಲೋ ಎಂದು ಆಕೆ ಎರಡು ಸಲ ಕೇಳಿದ್ದೂ, ನೀವು ಕಳಿಸಿರಿ ಎಂದದ್ದೂ ಇದೆ. ಲಕೋಟೆಯ ಮೇಲೆ ಪುಣೆ ಟಪಾಲಿನ ಮುದ್ರೆ ಇದೆ. ಆಸ್ಪತ್ರೆಯ ಪುಸ್ತಕದಲ್ಲಿ ಇಲ್ಲದ್ದು ಹೆಂಡತಿಯ ಪೆಟ್ಟಿಗೆಯಲ್ಲಿತ್ತು.

ಅಪ್ಪನ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. “ಇದು ಹೋದ್ರ ಅಳಿಯಂದಿರ ಬಡ್ತಿ ಹೋಗ್ತದವ್ವಾ” ಎಂದರು. ಗೊತ್ತು ಎಂದೆ. “ನಿನ್ನ ಸಂಸಾರದ ಮಾತೂ ಅದರಾಗ ಅದ” ಎಂದರು. ಅದೂ ಗೊತ್ತು ಎಂದೆ. ದಿಗಂಬರರಾಯರ ಗೊರಕೆಯ ಸಾಲಿಗೆ ಮಸಿ ಬಳಿಯಲೇ ಎಂದು ಕೇಳಿದೆ. ತಿದ್ದಿದ ಕಾಗದ ಸಾಕ್ಷಿಗೆ ಬರುವುದಿಲ್ಲವೆಂದು ಹೇಳಿದರು. ಆದ್ದರಿಂದ ಗೊರಕೆ, ಕುದುರೆ, ಬೆಳಗಾವಿಯ ನೀರು, ನನ್ನ ದಿಂಬು ಎಲ್ಲವೂ ಇದ್ದ ಹಾಗೆಯೇ ನಿನ್ನೆ ರಿಜಿಸ್ಟರ್ ಟಪಾಲಿನಲ್ಲಿ ಶಿವಾಜಿನಗರಕ್ಕೆ, ದಿಗಂಬರರಾಯರ ಹೆಸರಿಗೇ ಹೋಗಿವೆ. ಬೆಳಗಾವಿಯವರಾದ ಅವರಿಗೆ ಕನ್ನಡವನ್ನು ಯಾರೂ ಓದಿ ಹೇಳುವ ಜರೂರಿ ಇಲ್ಲ.

ನಿಮಗೆ ಕೇಳಿ ಕಳಿಸಬೇಕಿತ್ತು. ಕೇಳಿದ್ದರೆ ನೀವು ಬೇಡ ಎನ್ನುತ್ತಿದ್ದಿರಿ, ನಾನು ಒಪ್ಪಿಬಿಡುತ್ತಿದ್ದೆ. ನನ್ನ ಗುಣ ನನಗೆ ಗೊತ್ತು.

ಹೊಟ್ಟೆಕಿಚ್ಚು ಹೋಯಿತೆಂದು ತಿಳಿಯಬೇಡಿರಿ. ಹೋಗಿಲ್ಲ. ಆಕೆ ನನ್ನ ಲೋಟದಲ್ಲಿ ಚಹಾ ಕುಡಿದದ್ದು ಈಗಲೂ ಚುಚ್ಚುತ್ತದೆ, ನೀವು ಆ ಕೈಯನ್ನು ಹೊಗಳಿದ ಸಾಲು ಬಾಯಿಪಾಠವಾಗಿದೆ. ಆದರೆ ಆ ಸಾಲು ಇದ್ದ ಹಾಳೆಯಲ್ಲೇ ಆಕೆಯ ಮಾನವೂ ಇತ್ತು, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹರಿಯಲು ಬರುವುದಿಲ್ಲ.

ಐದು ತಿಂಗಳು ತುಂಬಿದ ಮೇಲೆ ಮಗಳನ್ನು ಕರೆದುಕೊಂಡು ಪುಣೆಗೆ ಬರುತ್ತೇನೆ. ಸ್ಟೇಶನ್ನಿಗೆ ಬರುವುದು ಬಿಡುವುದು ನಿಮಗೆ ಬಿಟ್ಟದ್ದು. ಮಗಳಿಗೆ ನಿಮ್ಮದೇ ಹೋಲಿಕೆ, ಗದ್ದ ಮಾತ್ರ ನನ್ನದು.

ಈ ಕಾಗದ ಮುಟ್ಟಿದ ದಿನವೇ ಸೈಕಲ್ ಹತ್ತಿ ಕೊಂಢವಾಕ್ಕೆ ಹೋಗಿರಿ. ಅವರು ಗಂಟುಮೂಟೆ ಕಟ್ಟುವ ಮುಂಚೆ ಹೋಗಿರಿ. ಹೊಸ್ತಿಲ ಹೊರಗೆ ನಿಂತು, ಮೂಗು ಮುಚ್ಚಿಕೊಳ್ಳದೆ, ಹೆಸರು ಹಿಡಿದು ಕರೆಯಿರಿ. ಕರೆದು ಹೇಳಿರಿ: ಪಂಕಜಾಕ್ಷಿಯವರೇ, ತಾರೀಕು ಸರಿಯಾಯಿತು.

ನರ್ಮದಾ